ಒಡೆದ ಬಳೆಯ ಚಿತ್ರ, ನಾನು ಹೇಳದ ಮೂರು ಗಾಜು

ಕಡೇಗಲ್ಲು
ಎರಡನೇ ಹಗಲಿನ ಎಪ್ಪತ್ತನೇ ವರ್ಷ, ಫೆಬ್ರವರಿ ಮೂವತ್ತು, ಶುಕ್ರವಾರ

ನಮಗಿಂತ ಹಿಂದೆ ಬದುಕಿದವರಿಗೆ,

ಮೊದಲು ಕೊಟ್ಟ ಮಾತು ಯಾವುವು, ತಪ್ಪಿದ್ದು ಯಾವುವು, ಅದನ್ನು ಹೇಳಿಬಿಡುತ್ತೇನೆ.

ವಾರಕ್ಕೆ ಎರಡು ರಾತ್ರಿ ಕನ್ನಡಿ ಮಡಚುತ್ತೇವೆ ಎಂದರು. ಎಪ್ಪತ್ತು ವರ್ಷದಲ್ಲಿ ಒಂದೇ ಒಂದು ರಾತ್ರಿಯೂ ಮಡಚಿಲ್ಲ. ಜೋಳದ ಹೊಲದ ಮೇಲೆ ಬೆಳಕು ಬೀಳದಂತೆ ನೋಡಿಕೊಳ್ಳುತ್ತೇವೆ ಎಂದರು. ಬಿತ್ತು. ಎರಡನೇ ಹಗಲಿನ ದುಡಿಮೆ ಮನಸ್ಸಿದ್ದವರಿಗೆ ಮಾತ್ರ ಎಂದರು. ಈಗ ಮೂರು ತಿಂಗಳ ಬಾಣಂತಿಯೂ ಹೋಗಬೇಕು. ಅಮಾವಾಸ್ಯೆಗೆ ಪೂರ್ತಿ ಕತ್ತಲು ಕೊಡುತ್ತೇವೆ ಎಂದರು. ಅಮಾವಾಸ್ಯೆ ಎಂಬುದು ಈಗ ಕ್ಯಾಲೆಂಡರಿನ ಒಂದು ಚೌಕ, ಅಷ್ಟೆ. ಆಕಾಶ ಕೆಟ್ಟಿದೆ ಎಂದು ನೀವು ತೋರಿಸಿಕೊಟ್ಟರೆ ಏಳೂರಿನ ಮೇಲಿನ ಕನ್ನಡಿಗಳನ್ನೆಲ್ಲ ಮಡಚುತ್ತೇವೆ ಎಂದು ಕಾಗದದ ಮೇಲೆಯೇ ಬರೆದುಕೊಟ್ಟರು. ತೋರಿಸಲು ಹೋದೆವು. ಕೆಟ್ಟಿಲ್ಲ ಎಂದು ತೀರ್ಪು ಬರೆಸಿಕೊಂಡರು.

ಈ ಐದು ಮಾತು ಕನ್ನಡಿ ನಡೆಸುವ ಮಂಡಳಿಯವರು ಕೊಟ್ಟು ತಪ್ಪಿದ್ದು. ಆರನೆಯದೊಂದಿದೆ. ಕಂಡದ್ದನ್ನು ಬರೆಯುತ್ತೇನೆ, ಕಂಡದ್ದೆಲ್ಲವನ್ನೂ ಬರೆಯುತ್ತೇನೆ ಎಂಬ ಮಾತು. ಅದನ್ನು ಕೊಟ್ಟವಳು ನಾನು. ತಪ್ಪಿದವಳೂ ನಾನೇ.

ನನ್ನ ಹೆಸರು ದ್ಯಾವಮ್ಮ. ವಯಸ್ಸು ಅರವತ್ತೊಂದು. ಎರಡು ಹೊಳೆಗಳ ನಡುವಿನ ಈ ಎರೆ ಸೀಮೆಯಲ್ಲಿ ಏಳು ಊರು ಸೇರಿ ಕಟ್ಟಿಕೊಂಡಿರುವ ಕತ್ತಲ ಹಕ್ಕಿನ ಸಮಿತಿಗೆ ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ. ತಾರೀಖು ನೋಡಿ ನಗಬೇಡಿ. ಪಾಳಿಯ ಲೆಕ್ಕಕ್ಕೆ ಸುಲಭವಾಗಲೆಂದು ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದ್ದಾರೆ, ಹಾಗಾಗಿ ನಮಗೆ ಫೆಬ್ರವರಿ ಮೂವತ್ತು ಇದೆ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ನೂರ ಎಂಬತ್ತೇಳು. ನನ್ನ ಕೆಲವು ಮಾತು ನಿಮ್ಮ ಕಿವಿಗೆ ಒರಟಾಗಿ, ವಿಚಿತ್ರವಾಗಿ ಕೇಳಿಸಬಹುದು. ಮನ್ನಿಸಿ. ನೀವು ನೋಡದೇ ಇದ್ದ ವಸ್ತುಗಳಿಗೆ ನಾವು ಹೆಸರಿಡಬೇಕಾಯಿತು. ನೀವು ನೋಡುತ್ತಿದ್ದ ವಸ್ತುಗಳ ಹೆಸರುಗಳು ನಮ್ಮ ಬಾಯಿಂದ ಉದುರಿಹೋದವು.

ನಿಮಗೇಕೆ ಬರೆಯುತ್ತಿದ್ದೇನೆ ಎಂದರೆ, ಇದು ನಮ್ಮ ಸಮಿತಿಯ ಕಟ್ಟಳೆ. ತಪ್ಪು ಮಾಡಿದವರು ಸಭೆಯ ಎದುರು ನಿಲ್ಲುವ ಮೊದಲು ಹಿಂದಿನವರಿಗೆ ಒಂದು ಓಲೆ ಬರೆಯಬೇಕು. ಇದನ್ನು ಹಿಂದೋಲೆ ಎನ್ನುತ್ತೇವೆ. ಮುಂದೆ ಹುಟ್ಟುವವರಿಗೆ ಬರೆದರೆ ಅವರು ಕ್ಷಮಿಸಿಬಿಟ್ಟಾರು ಎಂಬ ಆಸೆ ಹುಟ್ಟುತ್ತದೆ. ಜೊತೆಗಿರುವವರಿಗೆ ಹೇಳಿದರೆ ಅವರು ಅಳುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಸತ್ತವರು ಕ್ಷಮಿಸುವುದೂ ಇಲ್ಲ, ಅಳುವುದೂ ಇಲ್ಲ. ಸುಮ್ಮನೆ ಕೇಳಿಸಿಕೊಳ್ಳಬೇಕು. ಅವರೆದುರು ಸೆರಗು ಕಣ್ಣಿಗೊತ್ತಿಕೊಂಡು ಪ್ರಯೋಜನವಿಲ್ಲ. ಬರೆದದ್ದನ್ನು ಆಮೇಲೆ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಇಷ್ಟು ವರ್ಷ ಬೇರೆಯವರ ಹಿಂದೋಲೆಗಳನ್ನು ನಾನೇ ಬರೆದುಕೊಟ್ಟಿದ್ದೇನೆ. ನನ್ನದು ಇದೇ ಮೊದಲು.

ಕನ್ನಡಿ ಎಂದೆನಲ್ಲ, ಅದನ್ನು ವಿವರಿಸಬೇಕು. ನಾವು ಇರುಳುಗನ್ನಡಿ ಎನ್ನುತ್ತೇವೆ. ಭೂಮಿಯ ಸುತ್ತ ತಿರುಗುವ, ಒಂದು ಊರಿನಷ್ಟು ಅಗಲದ ತೆಳು ಹಾಳೆಗಳು. ಸೂರ್ಯ ಮುಳುಗಿದ ಮೇಲೆ, ಆಚೆ ಬದಿಯ ಬಿಸಿಲನ್ನು ಹಿಡಿದು ಈಚೆಗೆ ಎಸೆಯುತ್ತವೆ. ಒಂದು ಹೋದರೆ ಇನ್ನೊಂದು ಬರುತ್ತದೆ. ನಮ್ಮ ಎರೆ ಹೊಲಗಳ ನಡುವೆ ಹಾಸಿರುವ ಬಿಸಿಲು ಹಲಗೆಗಳು ಆ ಬೆಳಕಲ್ಲೂ ಕರೆಂಟು ಮಾಡುತ್ತವೆ. ಅವನ್ನು ತೊಳೆಯಲು, ಒರೆಸಲು, ತಿರುಗಿಸಲು ಜನ ಬೇಕು. ಅದಕ್ಕೇ ಎರಡನೇ ಹಗಲು. ಬೆಳಕು ನಿಮ್ಮ ನಡುಹಗಲಿನಷ್ಟಿಲ್ಲ. ಮೋಡ ಕವಿದ ಸಂಜೆಯಂತೆ ಇರುತ್ತದೆ. ಆದರೆ ಅದು ಮುಗಿಯುವುದಿಲ್ಲ.

ನಮ್ಮ ಮನೆಗಳ ನಡುವೆ ಕತ್ತಲಗೂಡು ಎಂಬ ಕೋಣೆ ಇರುತ್ತದೆ. ಕಿಟಕಿ ಇಲ್ಲ, ಬಾಗಿಲಿಗೆ ಎರಡು ಪದರ ಕರಿ ಕಂಬಳಿ. ನಿದ್ದೆಗೆ ಸರದಿ. ಮೊದಲು ಮಕ್ಕಳು, ಆಮೇಲೆ ಪಾಳಿ ಮುಗಿಸಿ ಬಂದವರು, ಕೊನೆಗೆ ಮುದುಕರು. ಮದುಮಗಳಿಗೆ ತವರಿನವರು ಸೀರೆಗಿಂತ ಮೊದಲು ಕರಿ ಕಂಬಳಿ ಕೊಡುತ್ತಾರೆ. ಅದನ್ನು ಬಿಸಿಲಿಗೆ ಹಿಡಿದು, ಒಂದೇ ಒಂದು ತೂತಿದ್ದರೂ ಬೀಗರು ಜಗಳ ತೆಗೆಯುತ್ತಾರೆ. ಕೋಳಿಗಳು ಹಗಲೂ ಇರುಳೂ ಮೊಟ್ಟೆಯಿಟ್ಟು ಎರಡನೇ ವರ್ಷಕ್ಕೇ ಕುತ್ತಿಗೆ ಜೋಲು ಹಾಕುತ್ತವೆ. ಬಿಳಿಜೋಳಕ್ಕೆ ಉದ್ದನೆಯ ಇರುಳು ಬೇಕು, ಇರುಳು ಸಿಕ್ಕರೇ ಅದು ತೆನೆ ಹಿರಿಯುವುದು. ಕನ್ನಡಿ ಬಂದ ವರ್ಷ ಜೋಳ ಎರಡಾಳೆತ್ತರ ಬೆಳೆಯಿತಂತೆ. ಊರಿನವರು ಕುಣಿದಾಡಿದರಂತೆ. ಸಂಕ್ರಾಂತಿ ಕಳೆದರೂ ತೆನೆ ಬರಲಿಲ್ಲ. ಬರೀ ದಂಟು. ಅವತ್ತಿನಿಂದ ನಮ್ಮ ರೊಟ್ಟಿಯ ಹಿಟ್ಟು ಮಂಡಳಿಯ ಚೀಲದಲ್ಲಿ ಬರುತ್ತದೆ.

ಇದನ್ನೆಲ್ಲ ನನಗೆ ಹೇಳಿದವಳು ಹಂಪಕ್ಕ. ಸಮಿತಿ ಕಟ್ಟಿದವಳು ಅವಳೇ. ಕನ್ನಡಿ ಬಂದಾಗ ಅವಳಿಗೆ ಹದಿನಾರು. ಕುರಿ ಕಾಯುತ್ತಿದ್ದಳು. ಈಗ ಎಂಬತ್ತಾರು. ಏಳೂರಿನಲ್ಲಿ ಚುಕ್ಕಿಗಳನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವಳು ಅವಳೊಬ್ಬಳೇ. ನಾನು ಚಿಕ್ಕವಳಿದ್ದಾಗ ಕತ್ತಲೆಂದರೆ ಕರಿ ಕಂಬಳಿಯ ಹಾಗೇನಕ್ಕಾ ಎಂದು ಕೇಳಿದ್ದೆ. ಅವಳು ನಕ್ಕುಬಿಟ್ಟಿದ್ದಳು. “ಕಂಬಳಿ ಬ್ಯಾರೆ, ಕತ್ತಲ ಬ್ಯಾರೆ, ಹುಚ್ಚಿ. ಕಂಬಳಿ ಮೂಗಿಗೆ ಬಡೀತೈತಿ. ಕತ್ತಲದಾಗ ದೂರ ಇರತೈತಿ. ನೋಡಿದಷ್ಟೂ ದೂರ.”

ಆ ದೂರವನ್ನು ನೋಡಬೇಕೆಂಬ ಹುಚ್ಚು ಅವತ್ತು ಹಿಡಿಯಿತು ನನಗೆ. ಹುಚ್ಚು ಹತ್ತಿಸಿದವಳಿಗೇ ಅದರಿಂದ ಏಟು ಬಿತ್ತು.

ನನ್ನ ಕೆಲಸ ಊರ ಪಕ್ಕದ ಕರಿಬಂಡೆಯ ಮೇಲಿನ ಅಳತೆ ಗುಡಿಸಲಲ್ಲಿ. ಹಲಗೆಗಳ ಮೇಲೆ ಎಷ್ಟು ಧೂಳು ಕೂತಿದೆ ಎಂದು ಅಳೆದು ಬರೆಯಬೇಕು. ಮಂಡಳಿಯ ಕೂಲಿ ಮಾಡುತ್ತ ಮಂಡಳಿಯ ವಿರುದ್ಧ ಕೂಗುವುದು ಹೇಗೆ ಎಂದು ಕೇಳಬೇಡಿ. ಇಲ್ಲಿ ಬೇರೆ ಕೂಲಿ ಇಲ್ಲ. ಆ ಗುಡಿಸಲ ಮೂಲೆಯಲ್ಲಿ ಯಾರೋ ಬಿಟ್ಟುಹೋದ ಒಂದು ಹಳೆಯ ದೂರದರ್ಶಕ, ಅದಕ್ಕೆ ಹೊಂದುವ ಕ್ಯಾಮೆರಾ, ಚುಕ್ಕಿಗಳ ಜೊತೆ ನಿಧಾನಕ್ಕೆ ತಿರುಗುವ ಒಂದು ಮೋಟಾರು, ಮತ್ತು ಒಂದು ತಗಡಿನ ಡಬ್ಬಿಯಲ್ಲಿ ಮೂರು ಗಾಜು ಸಿಕ್ಕವು. ನನಗಾಗ ಮೂವತ್ತೆಂಟು. ಯಾರಿಗೂ ಹೇಳಲಿಲ್ಲ. ಗುಡಿಸಲ ಮೇಲಿನ ತಗಡನ್ನು ಸರಿಯುವಂತೆ ಮಾಡಿಕೊಂಡೆ. ದ್ಯಾವಿ ಧೂಳು ಅಳೆಯಲು ಹೋಗಿದ್ದಾಳೆ ಎಂದು ಊರು ತಿಳಿದುಕೊಂಡಿತ್ತು.

ಆ ಗಾಜುಗಳು ನಿಮ್ಮವು. ನಿಮ್ಮ ಕಾಲದವು. ನಾವು ಸೋಸುಗಾಜು ಎನ್ನುತ್ತೇವೆ. ಆಕಾಶದಲ್ಲಿ ನೀಹಾರಿಕೆ ಎಂಬ ಅನಿಲದ ಮೋಡಗಳಿವೆ ಎಂದು ನಿಮಗೆ ಗೊತ್ತು. ಹತ್ತಿರದ ಚುಕ್ಕಿಗಳ ಕಾವಿಗೆ ಅವು ತಾವೇ ಬೆಳಗುತ್ತವೆ. ಎಲ್ಲ ಬಣ್ಣದಲ್ಲಲ್ಲ. ಜಲಜನಕ ಒಂದು ಕೆಂಪಿನಲ್ಲಿ, ಗಂಧಕ ಅದಕ್ಕಿಂತ ಗಾಢ ಕೆಂಪಿನಲ್ಲಿ, ಆಮ್ಲಜನಕ ಗಿಳಿಹಸಿರು ನೀಲಿಗೆ ತಿರುಗುವ ಒಂದು ಬಣ್ಣದಲ್ಲಿ. ಒಂದೊಂದು ಸೋಸುಗಾಜು ಅವುಗಳಲ್ಲಿ ಒಂದೇ ಬಣ್ಣದ ಕೂದಲೆಳೆಯಷ್ಟನ್ನು ಒಳಗೆ ಬಿಟ್ಟು ಉಳಿದದ್ದೆಲ್ಲವನ್ನೂ ಹೊರಗೆ ನಿಲ್ಲಿಸುತ್ತದೆ. ಉಳಿದದ್ದೆಲ್ಲ ಎಂದರೆ, ಬೀದಿದೀಪ, ಚಂದ್ರ, ಇರುಳುಗನ್ನಡಿ. ಗಾಜು ಹಾಕಿದರೆ ಸುಣ್ಣದಂತೆ ಬೆಳ್ಳಗಿರುವ ನಮ್ಮ ಆಕಾಶ ಕರ್ರಗಾಗುತ್ತದೆ. ಕನ್ನಡಿಗಳು ಇಲ್ಲವೇ ಇಲ್ಲ ಎಂಬಂತೆ ಆಗಿಬಿಡುತ್ತದೆ.

ನಾನು ಹಿಡಿಯಲು ಹೊರಟದ್ದು ಮೃಗಶಿರದ ಸುತ್ತ ಇರುವ ಒಂದು ದೊಡ್ಡ ಕೆಂಪು ಕಮಾನನ್ನು. ಸಾಲಾಗಿ ನಿಂತ ಮೂರು ಚುಕ್ಕಿಗಳಿವೆಯಲ್ಲ, ನೀವು ತಲೆಯೆತ್ತಿದರೆ ಕಾಣುತ್ತಿದ್ದವಲ್ಲ, ಅವುಗಳನ್ನು ಅರ್ಧ ಬಳಸಿ ನಿಂತಿರುವ ಜಲಜನಕದ ಮೋಡ. ಕತ್ತಲಿದ್ದ ಕಾಲದಲ್ಲೂ ಬರಿಗಣ್ಣಿಗೆ ಸುಲಭಕ್ಕೆ ಕಾಣದಷ್ಟು ಮಂಕು. ಅದಕ್ಕೆ ನಿಮ್ಮವರು ಏನೋ ಹೆಸರಿಟ್ಟಿದ್ದರಂತೆ. ನಾನು ಒಡೆದ ಬಳೆ ಎಂದುಕೊಂಡೆ.

ಅದನ್ನು ಹಿಡಿಯುವ ಕೆಲಸ ಸಾರು ಕುದಿಸಿದಂತಲ್ಲ, ಹನಿ ಹನಿ ನೀರು ಹಿಡಿದು ಕೊಡ ತುಂಬಿದಂತೆ. ಹತ್ತು ನಿಮಿಷಕ್ಕೊಂದು ಚಿತ್ರ. ಒಂದರಲ್ಲಿ ಏನೂ ಇರುವುದಿಲ್ಲ, ಕೆಂಪು ಗುಮಾನಿ ಅಷ್ಟೆ. ಅಂಥವನ್ನು ನೂರಾರು ತೆಗೆದು ಒಂದರ ಮೇಲೊಂದು ಪೇರಿಸಿದರೆ ಗುಮಾನಿ ಆಕಾರವಾಗುತ್ತದೆ. ನಲವತ್ತೊಂದು ರಾತ್ರಿ, ಇನ್ನೂರ ಹನ್ನೆರಡು ಚಿತ್ರ. ಪ್ರತಿ ರಾತ್ರಿಯ ಕೊನೆಗೆ ದೂರದರ್ಶಕದ ಬಾಯಿಗೆ ಮುಚ್ಚಳ ಹಾಕಿ ಕೆಲವು ಚಿತ್ರ ತೆಗೆಯಬೇಕು. ಕ್ಯಾಮೆರಾ ತನ್ನ ಕಾವಿಗೆ ತಾನೇ ಹುಟ್ಟಿಸುವ ಸುಳ್ಳು ಚುಕ್ಕಿಗಳು ಅದರಲ್ಲಿ ಬೀಳುತ್ತವೆ. ಅವನ್ನು ನಿಜದ ಚಿತ್ರದಿಂದ ಕಳೆಯಬೇಕು. ಇದಕ್ಕೆ ಕತ್ತಲ ಪ್ರತಿ ಎನ್ನುತ್ತಾರೆ. ಏಳೂರಿನಲ್ಲಿ ಕತ್ತಲೆಂಬುದು ಆ ಮುಚ್ಚಳದ ಒಳಗಷ್ಟೇ ಇತ್ತು. ಅದನ್ನು ನಾನು ಕಳೆಯಲು ಬಳಸುತ್ತಿದ್ದೆ. ಎಲ್ಲ ಪೇರಿಸಿದ ಮೇಲೂ ಅಂಚಿನಲ್ಲಿ ಬೂದಿಯಂಥ ಮಬ್ಬು ಉಳಿದಿತ್ತು. ಗಾಜನ್ನೂ ದಾಟಿ ಒಳಬಂದ ಕನ್ನಡಿಯ ಬೆಳಕು. ಅದನ್ನು ಕೂತು, ಕಣ್ಣು ಉರಿಯುವ ತನಕ ಕೂತು, ಒರೆಸಿ ತೆಗೆದೆ. ಕೈಯಾರೆ ತೆಗೆದೆ. ಮೊದಲ ಸಲ ಬಳೆ ಪೂರ್ತಿ ಮೂಡಿದಾಗ ಅತ್ತಿದ್ದೆ. ಅದೊಂದು ಅಳುವಿನ ಬಗ್ಗೆ ಮಾತ್ರ ನನಗೆ ನಾಚಿಕೆಯಿಲ್ಲ.

ನಾಚಿಕೆ ಶುರುವಾಗುವುದು ಇಲ್ಲಿಂದ. ಮಂಡಳಿ ‘ನಮ್ಮ ಆಕಾಶ’ ಎಂಬ ಚಿತ್ರಸ್ಪರ್ಧೆ ನಡೆಸುತ್ತಿತ್ತು. ಬಾನ್‌ಬಳಗ ಎಂಬ ಹವ್ಯಾಸಿಗಳ ಕೂಟದವರು ಹೆಸರಿಲ್ಲದೆ, ಸದಸ್ಯ ಸಂಖ್ಯೆ ಹಾಕಿ ಚಿತ್ರ ಕಳಿಸಬಹುದಿತ್ತು. ನನ್ನ ಸಂಖ್ಯೆ ನೂರ ಹದಿನೆಂಟು. ಎಲ್ಲಿಂದ ತೆಗೆದದ್ದು ಎಂಬ ಸಾಲಿಗೆ ಕಡೇಗಲ್ಲು ಎಂದು ಬರೆದೆ. ಹೇಗೆ ತೆಗೆದದ್ದು ಎಂಬ ಸಾಲು ಖಾಲಿ ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಗಾಜಿನ ಮಾತು ಹೇಳಿದರೆ ಗಾಜಿನ ಹೆಚ್ಚುಗಾರಿಕೆ ಎಂದಾರು, ಕೈ ನನ್ನದು ಎಂದು ಅನ್ನಿಸಿಕೊಳ್ಳಬೇಕಿತ್ತು ನನಗೆ. ಇಪ್ಪತ್ತು ದಿನಕ್ಕೆ ಮಂಡಳಿಯವನೊಬ್ಬ ಬಂಡೆ ಹತ್ತಿ ಬಂದ. ಮೆತ್ತಗೆ ಮಾತಾಡುವವನು. ಒಂದು ಹಾಳೆ ಮುಂದಿಟ್ಟ. ‘ಈ ಚಿತ್ರವನ್ನು ಕಡೇಗಲ್ಲಿನಿಂದ, ಇಂತಿಂಥ ದಿನಗಳಂದು, ಇರುಳುಗನ್ನಡಿಗಳು ಪೂರ್ತಿ ತೆರೆದಿದ್ದಾಗಲೇ ತೆಗೆಯಲಾಗಿದೆ.’ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ಅದರ ಹೊಲಸು.

“ಯಾಕೆ ಬೇಕು ಇದು?” ಎಂದೆ.

“ದಾಖಲೆಗೆ ಅಮ್ಮ. ನಿಮ್ಮ ಹೆಸರು ಬರೋದಿಲ್ಲ, ಸಂಖ್ಯೆ ಸಾಕು” ಎಂದ. ಆಮೇಲೆ ತಗಡಿನ ಚಾವಣಿಯ ಕಡೆ ಕಣ್ಣು ಹಾಯಿಸಿ, “ಗುಡಿಸಲಲ್ಲಿ ಖಾಸಗಿ ಸಾಮಾನು ಇಡೋ ಹಾಗಿಲ್ಲ ಅಂತ ನಿಯಮ ಇದೆ. ನಾವೇನೂ ನೋಡಿಲ್ಲ ಬಿಡಿ” ಎಂದ.

ಆ ಹೊತ್ತಿಗೆ ನನ್ನ ಬಳೆ ಬರೀ ಕೆಂಪಿತ್ತು. ಆಮ್ಲಜನಕದ ಬಣ್ಣ ಇನ್ನೂ ಹಿಡಿದಿರಲಿಲ್ಲ. ಅದೇ ಕಷ್ಟದ್ದು, ಆ ಬಣ್ಣದಲ್ಲಿ ಕನ್ನಡಿಯ ಬೆಳಕು ಹೆಚ್ಚು ನುಗ್ಗುತ್ತದೆ. ಅದಕ್ಕೆ ಇನ್ನೊಂದು ಚಳಿಗಾಲ ಬೇಕಿತ್ತು. ಒಂದು ಚಳಿಗಾಲಕ್ಕಾಗಿ ಸಹಿ ಹಾಕಿದೆ. ಕಾರ್ಯದರ್ಶಿಯಾದ ದಿನ, ಕಂಡದ್ದೆಲ್ಲವನ್ನೂ ಬರೆಯುತ್ತೇನೆ ಎಂದು ಊರದೇವತೆ ಮರಗಮ್ಮನ ಕಟ್ಟೆಯಲ್ಲಿ, ಹಲಗೆ ವಾದ್ಯದ ಚರ್ಮದ ಮೇಲೆ ಕೈಯಿಟ್ಟು ಆಣೆ ಮಾಡಿ ಆಗಿನ್ನೂ ಮೂರೇ ವರ್ಷ ಕಳೆದಿತ್ತು. ನಾನು ಆಣೆ ಮಾಡಿದ ಆ ಹಲಗೆ ಯಂಕೋಬನದು.

ಯಂಕೋಬನ ಬಗ್ಗೆಯೂ ಹೇಳಬೇಕು. ಸಮಿತಿಯ ಮೆರವಣಿಗೆಗೆಲ್ಲ ಮುಂದೆ ನಿಂತು ಹಲಗೆ ಬಾರಿಸುತ್ತಿದ್ದವನು. ನನಗೆ ಸೋದರಮಾವನ ವರಸೆ. ಬಾಯಿ ಸುಮ್ಮನಿರದು. ಪೊಲೀಸರು ಲಾಠಿ ಎತ್ತಿದರೆ, “ನಿಧಾನಕ್ಕ ಸಾಹೇಬ್ರ, ತಾಳ ತಪ್ಪತೈತಿ” ಎನ್ನುವವನು. ಪಾಳಿಯಲ್ಲಿ ಅವನದು ಎತ್ತರದ ಬಿಸಿಲು ಹಲಗೆಗಳನ್ನು ತೊಳೆಯುವ ಕೆಲಸ.

ನಮ್ಮ ಅರ್ಜಿಯ ವಿಚಾರಣೆ ನ್ಯಾಯಪೀಠದ ಎದುರು ನಡೆದದ್ದು ಹತ್ತೊಂಬತ್ತು ವರ್ಷದ ಹಿಂದೆ. ಏಳೂರಿನಿಂದ ನಾನೂರು ಜನ ಹೋಗಿದ್ದೆವು. ಅರ್ಜಿ ಬರೆದವಳು ನಾನು. ಹಂಪಕ್ಕನ ಪಕ್ಕದಲ್ಲಿ ಕರಿಪಟ್ಟಿ ಕಟ್ಟಿಕೊಂಡು ನಿಂತವಳೂ ನಾನು. ಆ ಅರ್ಜಿಯಲ್ಲಿ ಜೋಳದ ತೆನೆ ಇತ್ತು, ಕೋಳಿ ಇತ್ತು, ನಿದ್ದೆ ಇತ್ತು. ಪೀಠ ಅದನ್ನೆಲ್ಲ ಬದಿಗಿಟ್ಟು ಒಂದೇ ಪ್ರಶ್ನೆ ಎತ್ತಿಕೊಂಡಿತು. ಆಕಾಶ ಕೆಟ್ಟಿದೆಯೇ, ಇಲ್ಲವೇ?

ಹಂಪಕ್ಕ ಎದ್ದು ನಿಂತಳು. “ಸಾಹೇಬ್ರ, ನಮ್ಮೂರಾಗ ಚುಕ್ಕಿ ಇದ್ವು.”

ಮಂಡಳಿಯ ವಕೀಲ ಕೇಳಿದ, “ಎಷ್ಟಿದ್ದವು? ಎಣಿಸಿದ್ದೀರಾ?”

“ನೀವು ಸಣ್ಣವರಿದ್ದಾಗ ನಿಮ್ಮವ್ವ ನಿಮಗ ಎಷ್ಟ್ ಮುದ್ದು ಕೊಟ್ಟಾಳ? ಎಣಿಸಿ ಇಟ್ಟೀರೇನು? ಇಲ್ಲಂದ್ರ ಕೊಟ್ಟೇ ಇಲ್ಲೇನು?”

ಸಭಾಂಗಣ ಸಿಡಿದು ನಕ್ಕಿತು. ವಕೀಲನೂ ನಕ್ಕ. ನಗುತ್ತಲೇ ಗೋಡೆಗೆ ಹೊದಿಸಿದ್ದ ಬಟ್ಟೆ ಸರಿಸಿದ. ಗೋಡೆಯಗಲದ ಚಿತ್ರ. ಕರಿ ಆಕಾಶ, ಮೂರು ಚುಕ್ಕಿ, ಸುತ್ತ ಕೆಂಪಗೆ ನನ್ನ ಒಡೆದ ಬಳೆ.

ನಾನೂರು ಜನರಲ್ಲಿ ಆಕಾಶದ ಚುಕ್ಕಿ ಕಂಡವರು ಹತ್ತೋ ಹನ್ನೆರಡೋ. ಉಳಿದವರು ಬಾಯಿ ತೆರೆದು ನೋಡುತ್ತ ನಿಂತರು. ಒಬ್ಬಳು ಮಗುವನ್ನು ಎತ್ತಿ ತೋರಿಸಿದಳು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಎದೆ ಉಬ್ಬಿತು. ಸೋಲುತ್ತಿದ್ದೇವೆ ಎಂಬುದು ಆಮೇಲೆ ತಿಳಿಯಿತು. ಮೊದಲು ಬಂದದ್ದು ಹೆಮ್ಮೆ. ಹತ್ತೊಂಬತ್ತು ವರ್ಷದಿಂದ ನನ್ನನ್ನು ತಿನ್ನುತ್ತಿರುವುದು ಸಹಿಯಲ್ಲ, ಆ ಹೆಮ್ಮೆ.

“ಇದು ಕಡೇಗಲ್ಲಿನಿಂದ, ಕನ್ನಡಿಗಳು ತೆರೆದಿದ್ದಾಗಲೇ ತೆಗೆದದ್ದು. ಪ್ರಮಾಣಪತ್ರ ಇದೆ. ಇಷ್ಟು ಮಂಕಾದ ಮೋಡವೇ ಇಷ್ಟು ಸ್ಪಷ್ಟವಾಗಿ ಕಾಣುವ ಆಕಾಶ ಕೆಟ್ಟಿದೆ ಎನ್ನುವುದು ಹೇಗೆ?” ಎಂದ ವಕೀಲ.

ಯಂಕೋಬ ನನ್ನ ಕಿವಿಯ ಹತ್ತಿರ, “ದ್ಯಾವಿ, ಈ ಬಳಿ ನಮ್ಮೂರ ಮ್ಯಾಲ ಐತಂತ! ನಾ ನನ್ನ ಹೆಣ್ತಿ ಕೈಯಾಗ ಸೈತ ಇಂಥಾ ಬಳಿ ನೋಡಿಲ್ಲ” ಎಂದ. ನಗಲಿಲ್ಲ ಅವನು. ಆಮೇಲೆ, “ಯಾವ ಮನಿಹಾಳ ತಗದಾನಬೇ ಇದನ್ನ?” ಎಂದ. ಹಂಪಕ್ಕ ತಿರುಗಿ ನನ್ನನ್ನೇ ಕೇಳಿದಳು. “ಓದಿದಾಕಿ ನೀನು. ಇದು ಹೆಂಗ ಸಾಧ್ಯ ಹೇಳವ್ವ. ನನ್ನ ಕಣ್ಣ ಸುಳ್ಳೇನು?”

ಒಂದು ವಾಕ್ಯ ಸಾಕಿತ್ತು. ಗಾಜು ಹಾಕಿ ತೆಗೆದದ್ದು ಅಕ್ಕಾ, ಗಾಜು ತೆಗೆದರೆ ಬರೀ ಸುಣ್ಣ. ಇಷ್ಟೇ. ನನ್ನ ಬಾಯಿಂದ ಬಂದದ್ದು, “ಗೊತ್ತಿಲ್ಲಕ್ಕಾ.”

ತೀರ್ಪಿನಲ್ಲಿ ಬರೆದರು. ನೆನಪು ಅಳತೆಯಲ್ಲ. ಆಕಾಶಕ್ಕೆ ನಷ್ಟವಾದ ಬಗ್ಗೆ ಪುರಾವೆ ಇಲ್ಲ. ಮಂಡಳಿಗೆ ಇಪ್ಪತ್ತು ವರ್ಷದ ಪರವಾನಗಿ. ಅದಾದ ಆರು ತಿಂಗಳಿಗೆ ಎರಡನೇ ಹಗಲಿನ ಪಾಳಿ ಎಲ್ಲರಿಗೂ ಕಡ್ಡಾಯವಾಯಿತು. ನಾಲ್ಕನೇ ವರ್ಷ, ಎರಡು ಪಾಳಿ ಸೇರಿಸಿ ಮಾಡಿದ ಒಂದು ಮುಂಜಾನೆ, ಯಂಕೋಬ ಎತ್ತರದ ಹಲಗೆಯ ಮೇಲೆ ನಿಂತಲ್ಲೇ ನಿದ್ದೆ ಹೋದ. ಕೆಳಗೆ ಕಲ್ಲಿತ್ತು. ಎತ್ತಿ ತಂದು ಮಲಗಿಸಿದಾಗ ಅವನ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು. ಅವನ ಹಿಂದೆ ಇನ್ನೂ ಹನ್ನೊಂದು ಜನ ಹೀಗೆಯೇ ಹೋದರು. ಅವರ ಹೆಸರುಗಳನ್ನು ಸಮಿತಿಯ ಪುಸ್ತಕದಲ್ಲಿ ಬರೆದಿರುವುದು ನನ್ನ ಕೈ. ಅಕ್ಷರ ದುಂಡಗಿವೆ.

ಎರಡನೇ ಚಳಿಗಾಲ ನನಗೆ ಸಿಕ್ಕಿತು, ಅದನ್ನೂ ಹೇಳಿಬಿಡುತ್ತೇನೆ. ಆಮ್ಲಜನಕದ ಬಣ್ಣ ಹಿಡಿದೆ. ಚಿತ್ರ ಪೂರ್ತಿಯಾಯಿತು. ಅದನ್ನು ಒಬ್ಬರಿಗೂ ತೋರಿಸಿಲ್ಲ. ಯಂಕೋಬ ಹೋದ ವಾರ ದೂರದರ್ಶಕದ ಬಾಯಿಗೆ ಮುಚ್ಚಳ ಹಾಕಿದೆ. ಹಾಕಿದ್ದು ಹಾಗೇ ಇದೆ.

ಹಂಪಕ್ಕನ ಕಣ್ಣು ಆರು ವರ್ಷದಿಂದ ಪೂರ್ತಿ ಹೋಗಿವೆ. ಪೀಠದವರು ನಮಗೂ ಕೊಟ್ಟಿದ್ದ ಆ ಚಿತ್ರದ ಒಂದು ಪ್ರತಿಯನ್ನು ಕಂಬಳಿಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದಾಳೆ. ಪ್ರತಿ ಎಳ್ಳಮಾವಾಸ್ಯೆಯಂದು ನನ್ನನ್ನು ಕರೆಸುತ್ತಾಳೆ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಂದು, ಬುತ್ತಿ ಬಿಚ್ಚುವ ಮುಂಚೆ ಚಿತ್ರ ತೆಗೆದು ನನ್ನ ಕೈಗೆ ಕೊಡುತ್ತಾಳೆ. “ಹೇಳು, ಆ ಬಳಿ ಹೆಂಗೈತಿ.” ನಾನು ಹೇಳುತ್ತೇನೆ. ಇಲ್ಲಿ ದಪ್ಪ ಇದೆ ಅಕ್ಕಾ, ಇಲ್ಲಿ ತೆಳ್ಳಗಾಗಿದೆ, ಇಲ್ಲಿ ಒಡೆದಿದೆ. ನಾನು ಹೇಳಿದತ್ತ ಅವಳು ಬೆರಳಾಡಿಸುತ್ತಾಳೆ. ನಾನು ತೆಗೆದ ಚಿತ್ರವನ್ನು, ಅದರಿಂದಲೇ ಸೋತ ಹೆಂಗಸಿಗೆ, ಯಾರದೋ ಎಂಬಂತೆ ಬಣ್ಣಿಸುತ್ತ ಬಂದಿದ್ದೇನೆ. ಈ ವರ್ಷ ಅವಳು ಚಿತ್ರ ಮಡಚುತ್ತ, “ತಗದವರ ಕೈ ಚಲೋ ಐತವ್ವ. ಬಾಯಿಲ್ಲ ಅಷ್ಟ” ಎಂದಳು. ನನ್ನ ಮುಖದ ಕಡೆಗೇ ತಿರುಗಿದ್ದಳು. ಅವಳಿಗೆ ಗೊತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಸಜ್ಜೆ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿದಳು.

ಈಗ ಪರವಾನಗಿ ಮುಗಿಯುತ್ತಿದೆ. ಬರುವ ಮಂಗಳವಾರ ಮರುವಿಚಾರಣೆ. ಮಂಡಳಿ ಇನ್ನು ಮೂವತ್ತು ವರ್ಷ ಕೇಳಿದೆ. ಅವರ ಕಡತದ ಮೊದಲ ಪುಟದಲ್ಲಿ ಇರುವುದು ಅದೇ ಬಳೆ, ಅದೇ ಪ್ರಮಾಣಪತ್ರ, ಅದೇ ನೂರ ಹದಿನೆಂಟು. ಅದನ್ನು ಕಿತ್ತು ಹಾಕಬಲ್ಲವಳು ನಾನೊಬ್ಬಳೇ. ನನ್ನ ಹತ್ತಿರ ಒಂದು ವಸ್ತು ಇದೆ. ದೂರದರ್ಶಕದ ಗುರಿ ಸರಿಯಾಗಿದೆಯೇ ಎಂದು ನೋಡಲು ಪ್ರತಿ ರಾತ್ರಿ ಮೊದಲು ಗಾಜಿಲ್ಲದೆ ಒಂದು ಚಿತ್ರ ತೆಗೆಯುತ್ತಿದ್ದೆ. ಅವನ್ನು ಅಳಿಸಿಬಿಡುವುದು ರೂಢಿ. ಒಂದನ್ನು ಅಳಿಸಲಿಲ್ಲ, ಯಾಕೆಂದು ಕೇಳಬೇಡಿ. ಅದೇ ಬಂಡೆ, ಅದೇ ದೂರದರ್ಶಕ, ಅದೇ ರಾತ್ರಿ, ಹನ್ನೆರಡು ನಿಮಿಷ ಮುಂಚೆ. ಚಿತ್ರದಲ್ಲಿ ಬಳೆ ಇಲ್ಲ, ಚುಕ್ಕಿ ಇಲ್ಲ, ಏನೂ ಇಲ್ಲ. ಸುಣ್ಣ ಬಳಿದ ಗೋಡೆ. ಕಾಗದಕ್ಕೆ ಇಳಿಸಿ, ಮೂರು ಗಾಜಿನ ಜೊತೆ ಅದೇ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೇಳಬೇಕಾದ್ದನ್ನು ಅವೇ ಹೇಳುತ್ತವೆ. ಆದರೆ ಇಟ್ಟವಳು ಯಾರು ಎಂದು ಕೇಳುತ್ತಾರೆ. ಕೇಳಲಿ. ಏಳೂರಿನವರು ಉಗಿದರೆ ಉಗಿಯಲಿ. ಯಂಕೋಬನ ಹೆಂಡತಿ ಬಸಲಿಂಗಮ್ಮ ಕಪಾಳಕ್ಕೆ ಹೊಡೆದರೆ ಇನ್ನೊಂದು ಕಪಾಳ ಕೊಡಲು ನಾನೇನು ಸಂತಳಲ್ಲ. ಆದರೆ ಕೈ ಅಡ್ಡ ಹಿಡಿಯುವುದಿಲ್ಲ.

ಹಿಂದಿನವರೇ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ಕ್ಷಮೆ ಕೇಳಲು ಕೂತವಳು ಜಗಳ ತೆಗೆಯಬಾರದು ಎಂಬ ನಿಯಮ ಹಿಂದೋಲೆಗಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ವಕೀಲ ಕೇಳಿದಾಗ ಹಂಪಕ್ಕನ ಕೈಯಲ್ಲಿ ಕೊಡಲು ಒಂದು ಕಾಗದ ಇರಲಿಲ್ಲ. ಕಡೇಗಲ್ಲಿನ ಮೇಲೆ ಕತ್ತಲಿತ್ತು ಎಂದು ನಿಮ್ಮಲ್ಲಿ ಒಬ್ಬರೂ ಬರೆದಿಟ್ಟಿರಲಿಲ್ಲ. ಮದುವೆಯ ಫೋಟೊ ಇವೆ. ತಿಂದ ಊಟದ ಫೋಟೊ ಇವೆ. ನಿಮ್ಮ ಮುಖದ ಫೋಟೊಗಳಂತೂ ರಾಶಿ ಬಿದ್ದಿವೆ. ಕತ್ತಲದು ಒಂದೂ ಇಲ್ಲ. ನಿಮ್ಮೂರಿನ ದೀಪ ಹೆಚ್ಚಾದಾಗ ನಿಮ್ಮಲ್ಲಿ ಆಕಾಶ ಪ್ರೀತಿಸುವವರು ಏನು ಮಾಡಿದಿರಿ? ಬೀದಿಗಿಳಿದಿರಾ? ಗಾಜು ತರಿಸಿಕೊಂಡಿರಿ. ಬೆಳಕಿನ ಕೊಳೆ ಇದ್ದರೇನು, ಗಾಜು ಇದೆಯಲ್ಲ ಎಂದು ನೆಮ್ಮದಿಯಾದಿರಿ. ಪಕ್ಕದ ಮನೆಯವನಿಗೆ ಚುಕ್ಕಿ ಕಾಣದೆ ಹೋದರೂ ನಿಮ್ಮ ಚಿತ್ರ ಚೆನ್ನಾಗಿ ಬಂತು. ನಾನು ಮಾಡಿದ್ದೂ ಅದನ್ನೇ. ನೀವು ಕಲಿಸಿದ್ದು, ನಾನು ಕಲಿತದ್ದು. ಹಾಗೆಂದು ನನ್ನ ಪಾಲು ಕಡಿಮೆಯಾಗುವುದಿಲ್ಲ. ನಿಮ್ಮ ಪಾಲನ್ನು ನೀವು ಹೊರಿ, ನನ್ನದನ್ನು ನಾನು ಹೊರುತ್ತೇನೆ.

ಗಾಜು ಎಸೆಯಿರಿ ಎಂದು ಹೇಳುವುದಿಲ್ಲ. ಒಡೆದ ಬಳೆ ನೋಡದೆ ನಾನು ಸಾಯುತ್ತಿದ್ದೆ, ಅದು ಸುಳ್ಳಲ್ಲ. ಒಂದೇ ಬೇಡಿಕೆ. ಗಾಜು ಹಾಕಿ ಒಂದು ಚಿತ್ರ ತೆಗೆದರೆ, ಅದೇ ಜಾಗದಲ್ಲಿ, ಅದೇ ಗಳಿಗೆಯಲ್ಲಿ ಗಾಜಿಲ್ಲದೆ ಇನ್ನೊಂದು ತೆಗೆಯಿರಿ. ಎರಡನ್ನೂ ಒಟ್ಟಿಗೇ ಇಡಿ, ಬಿಡಿಸಬೇಡಿ. ಹಿಂದೆ ಊರಿನ ಹೆಸರು, ತಾರೀಖು, ಹೊತ್ತು ಬರೆಯಿರಿ. ಚಿತ್ರ ತೆಗೆಯಲು ಬಾರದವರು ಅಂಗಳದಲ್ಲಿ ನಿಂತು ಎಷ್ಟು ಚುಕ್ಕಿ ಕಂಡವೆಂದು ಎಣಿಸಿ, ಮಕ್ಕಳ ನೋಟ್‌ಬುಕ್ಕಿನ ಹಾಳೆಯಾದರೂ ಸರಿ, ಬರೆದು ಸಹಿ ಹಾಕಿ. ತಪ್ಪು ಎಣಿಸಿದರೂ ಪರವಾಗಿಲ್ಲ. ಒಬ್ಬ ಮುದುಕಿ ಒಂದು ದಿನ ಪೀಠದ ಎದುರು ನಿಂತಾಗ ಅವಳ ಕೈ ಖಾಲಿ ಇರಬಾರದು.

ಡಬ್ಬಿಯನ್ನು ಒರೆಸಿ ಇಟ್ಟಿದ್ದೇನೆ. ಸಭೆಯಲ್ಲಿ ಮೊದಲು ಆ ಬಿಳಿ ಚಿತ್ರವನ್ನೇ ಹಂಪಕ್ಕನ ಕೈಗೆ ಕೊಡಬೇಕೆಂದಿದ್ದೇನೆ. ಅವಳು ಬೆರಳಾಡಿಸಲು ಅದರಲ್ಲಿ ಬಳೆ ಇರುವುದಿಲ್ಲ. “ಇದರಾಗ ಏನೈತಿ ಹೇಳು” ಎಂದು ಕೇಳುತ್ತಾಳೆ. ಆಗ ಹೇಳುತ್ತೇನೆ.

ಸಮಿತಿಯ ತುರ್ತು ಸಭೆ. ಜಾಗ ಮರಗಮ್ಮನ ಕಟ್ಟೆ, ಕಡೇಗಲ್ಲು. ಏಳೂರಿನವರೂ ತಪ್ಪದೆ ಬರಬೇಕು, ಪಾಳಿ ಇದ್ದವರು ಪಾಳಿ ಬಿಟ್ಟು ಬರಬೇಕು. ಹಲಗೆ ಬಾರಿಸುವವಳು ಬಸಲಿಂಗಮ್ಮ. ಅಧ್ಯಕ್ಷತೆ ಹಂಪಕ್ಕ. ಒಂದೇ ವಿಷಯ, ಸದಸ್ಯ ಸಂಖ್ಯೆ ನೂರ ಹದಿನೆಂಟು ಯಾರು ಎಂಬುದು. ಓದುವವಳು ಕಾರ್ಯದರ್ಶಿ ದ್ಯಾವಮ್ಮ.

ನಾಳಿದ್ದು, ಮಾರ್ಚ್ ಎರಡು, ಭಾನುವಾರ, ಸಂಜೆ ಆರೂವರೆಗೆ.